ನವಿಲಿಗೆ ಹೂಡಿದ ಉಪಾಯ ಕೊಂಡುಕುರಿಗೆ ಕುತ್ತಾಗಬಾರದು

ಓದುಗರ ಪ್ರಶ್ನೆ

"ಡಾಕ್ಟ್ರೇ, ನಮ್ಮದು ಜಗಳೂರು ತಾಲ್ಲೂಕು. ರಂಗಯ್ಯನದುರ್ಗದ ಕಾಡಿನ ಅಂಚಿಗೇ ನಮ್ಮ ನಾಲ್ಕು ಎಕರೆ ಹೊಲ. ಶೇಂಗಾ, ಮೆಕ್ಕೆಜೋಳ ಹಾಕುತ್ತೇವೆ. ಒಂದಿಷ್ಟು ಕುರಿ, ಮೇಕೆ ಇವೆ. ನಾನು ಚಿಕ್ಕವನಿದ್ದಾಗ ನವಿಲು ಬಂತು ಅಂದರೆ ಓಡಿಹೋಗಿ ನೋಡುತ್ತಿದ್ದೆವು. ಈಗ ಬಿತ್ತಿದ ಮಾರನೇ ದಿನವೇ ಹಿಂಡುಗಟ್ಟಿ ಬಂದು ಬೀಜ ಕೆದಕುತ್ತವೆ. ಈ ಕಾಡಿಗೆ ಹೆಸರು ತಂದ ನಾಲ್ಕು ಕೊಂಬಿನ ಕೊಂಡುಕುರಿ ಮಾತ್ರ ಕಾಣುವುದೇ ಇಲ್ಲ. ನವಿಲು ಜಾಸ್ತಿಯಾಗಿ ಅದರ ಮೇವನ್ನೆಲ್ಲ ತಿಂದು ಓಡಿಸಿವೆ ಅಂತ ಊರಲ್ಲಿ ಹೇಳುತ್ತಾರೆ. ನಿಜವೇ? ನವಿಲು ಓಡಿಸಲು ಎರಡು ನಾಯಿ ಸಾಕೋಣ, ಹೊಲಕ್ಕೆ ಬಲೆ ಕಟ್ಟೋಣ ಅಂತ ತಮ್ಮ ಹೇಳುತ್ತಿದ್ದಾನೆ. ಇನ್ನೊಂದು ವಿಷಯ. ಹೋದ ಸಂಕ್ರಾಂತಿ ಆದಮೇಲೆ ನಮ್ಮ ಹುಡುಗರು ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ್ದ ಕೊಂಡುಕುರಿ ಮರಿಯೊಂದನ್ನು ಅನಾಥ ಅಂದುಕೊಂಡು ಮನೆಗೆ ತಂದರು. ಹಸುವಿನ ಹಾಲು ಕುಡಿಸಿದೆವು. ಮೂರನೇ ದಿನ ಸತ್ತುಹೋಯಿತು. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಈ ಸಲ ಬೇಸಿಗೆಗೆ ಕಾಡಿನಂಚಿನಲ್ಲಿ ನೀರಿನ ತೊಟ್ಟಿ ಕಟ್ಟಿ, ಸ್ವಲ್ಪ ಜೋಳ ಇಡೋಣ ಅಂತಿದ್ದೇವೆ. ಮಾಡಬಹುದಾ? ನಮ್ಮ ಮಾವ ಎರಡೇ ಕೊಂಬಿನ ಒಂದನ್ನು ನೋಡಿದ್ದಾರಂತೆ, ಅದು ಕೊಂಡುಕುರಿಯೇ ಹೌದಾ ಅಂತಲೂ ತಿಳಿಸಿ."

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಹಲವು, ಚಿಂತೆ ಒಂದೇ. ಹೊಲವೂ ಉಳಿಯಬೇಕು, ಆ ನಾಚಿಕೆಯ ಪ್ರಾಣಿಯೂ ಉಳಿಯಬೇಕು. ಎರಡೂ ಸಾಧ್ಯ. ಆದರೆ ನವಿಲನ್ನು ದೂರವಿಡಲು ಜನ ಸಾಮಾನ್ಯವಾಗಿ ಹುಡುಕುವ ದಾರಿಗಳಲ್ಲಿ ಕೆಲವು ಕೊಂಡುಕುರಿಯ ಪ್ರಾಣಕ್ಕೇ ಬರುತ್ತವೆ. ನಿಮ್ಮ ತಮ್ಮ ಹೇಳಿದ ಎರಡೂ ಉಪಾಯಗಳು ಆ ಸಾಲಿಗೆ ಸೇರಿದವು. ಯಾಕೆ ಅಂತ ಹೇಳುವ ಮೊದಲು ಈ ಎರಡು ಜೀವಗಳು ಹೇಗೆ ಬದುಕುತ್ತವೆ ಅಂತ ನೋಡೋಣ.

ಊರಿನ ಮಾತಿನಿಂದ ಶುರು ಮಾಡುತ್ತೇನೆ. ನವಿಲು ಮೇವು ತಿಂದು ಕೊಂಡುಕುರಿಯನ್ನು ಓಡಿಸಿದೆ ಎನ್ನುವುದು ನಿಜವಲ್ಲ. ಎರಡರ ಊಟವೇ ಬೇರೆ. ನವಿಲು ನೆಲ ಕೆದಕಿ ತಿನ್ನುವ ಹಕ್ಕಿ. ಕಾಳು, ಮೊಳಕೆ, ಉದುರಿದ ಹಣ್ಣು, ಗೆದ್ದಲು, ಮಿಡತೆ, ಓತಿಕೇತ, ಸಣ್ಣ ಹಾವು, ಸಿಕ್ಕಿದ್ದೆಲ್ಲ ಅದಕ್ಕೆ ಆಹಾರ. ಅದರ ಹೊಟ್ಟೆಯಲ್ಲಿ ಗಟ್ಟಿ ಸ್ನಾಯುವಿನ ಒಂದು ಚೀಲವಿದೆ. ನುಂಗಿದ ಸಣ್ಣ ಕಲ್ಲುಗಳ ಜೊತೆ ಸೇರಿ ಅದು ಬೀಸುವ ಕಲ್ಲಿನಂತೆ ಕಾಳನ್ನು ಅರೆಯುತ್ತದೆ. ಹಾಗಾಗಿ ನಿಮ್ಮ ಶೇಂಗಾ, ಮೆಕ್ಕೆಜೋಳ ಅದಕ್ಕೆ ಸುಲಭದ ಊಟ.

ಕೊಂಡುಕುರಿ ಮೆಲುಕು ಹಾಕುವ ಪ್ರಾಣಿ. ಕುರಿಯೂ ಅಲ್ಲ, ಜಿಂಕೆಯೂ ಅಲ್ಲ, ಹುಲ್ಲೆಗಳ ಗುಂಪಿನದು. ಅದಕ್ಕೆ ತೀರಾ ಹತ್ತಿರದ ಸಂಬಂಧಿ ನೀಲಗಾಯ್. ಮೈ ಮಾತ್ರ ಅದಕ್ಕಿಂತ ಎಷ್ಟೋ ಚಿಕ್ಕದು. ಭುಜದವರೆಗೆ ಸುಮಾರು 60 ಸೆಂ.ಮೀ. ಎತ್ತರ, ತೂಕ 20 ಕೆ.ಜಿ. ಆಸುಪಾಸು. ಇಷ್ಟು ಚಿಕ್ಕ ಮೈಗೆ ಒಣ ಒರಟು ಹುಲ್ಲನ್ನು ರಾಶಿಗಟ್ಟಲೆ ತಿಂದು ಅರಗಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಆರಿಸಿ ಆರಿಸಿ ತಿನ್ನುತ್ತದೆ. ಎಳೆ ಚಿಗುರು, ಹೂವು, ಎಳೆ ಹುಲ್ಲು, ಉದುರಿದ ನೆಲ್ಲಿಕಾಯಿ, ಎಲಚಿ ಹಣ್ಣು ಇಂಥವು. ಕೆಳಗೆ ಬಿದ್ದ ಹಣ್ಣಿನ ವಿಷಯದಲ್ಲಿ ನವಿಲಿಗೂ ಇದಕ್ಕೂ ಸ್ವಲ್ಪ ಪೈಪೋಟಿ ಇರಬಹುದು. ಅದರಿಂದ ಯಾವ ಪ್ರಾಣಿಯೂ ಕಾಡು ಬಿಡುವುದಿಲ್ಲ. ಈ ಚಿಗುರಿಗೆ ನಿಜವಾಗಿ ಪೈಪೋಟಿ ಕೊಡುವುದು ಮೇಕೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮನೆಯಲ್ಲೂ ಮೇಕೆ ಇವೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ಕೊಂಡುಕುರಿ ಮೂತಿ ಹಾಕುವ ಎತ್ತರದಲ್ಲೇ ಮೇಕೆಯೂ ಮೂತಿ ಹಾಕುತ್ತದೆ, ಅದೇ ಗಿಡ, ಅದೇ ಚಿಗುರು.

ಹಾಗಾದರೆ ಒಂದೇ ಕಾಡಿನಲ್ಲಿ ಒಂದು ಹೆಚ್ಚುತ್ತಾ, ಇನ್ನೊಂದು ಕಣ್ಮರೆಯಾಗುತ್ತಾ ಇರುವುದು ಯಾಕೆ?

ನವಿಲು ಹೆಚ್ಚುತ್ತಿರುವುದು ನಿಮ್ಮ ಊರಲ್ಲಿ ಮಾತ್ರವಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಬಂದ ವರದಿಯಲ್ಲಿ ಎಷ್ಟೋ ಹಕ್ಕಿಗಳು ಕಡಿಮೆಯಾಗುತ್ತಿರುವಾಗ ನವಿಲು ಚೆನ್ನಾಗಿ ಹೆಚ್ಚಿದೆ ಎಂದೇ ಇದೆ. ಮೊದಲು ಹೆಚ್ಚಾಗಿ ಕಾಣದಿದ್ದ ಕೇರಳದ ಎಷ್ಟೋ ಕಡೆಗೂ ಅದು ಹರಡಿದೆ. ಕಾರಣಗಳು ಹಲವು ಸೇರಿವೆ. 1963ರಿಂದ ಅದು ರಾಷ್ಟ್ರಪಕ್ಷಿ. ಸುಬ್ರಹ್ಮಣ್ಯನ ವಾಹನ ಅಂತ ಜನ ಮೊದಲಿನಿಂದಲೂ ಕೊಲ್ಲಲು ಹಿಂಜರಿಯುತ್ತಾರೆ. ಬೋರ್‌ವೆಲ್ ಬಂದಮೇಲೆ ಬೇಸಿಗೆಯಲ್ಲೂ ಹೊಲದಲ್ಲಿ ಹಸಿರು, ಕಾಲುವೆಯಲ್ಲಿ ನೀರು. ಮೊಟ್ಟೆ, ಮರಿ ತಿನ್ನುತ್ತಿದ್ದ ನರಿ, ಕಾಡುಬೆಕ್ಕು ಹಳ್ಳಿಗಳ ಸುತ್ತ ಮೊದಲಿನಷ್ಟು ಇಲ್ಲ. ರಾತ್ರಿ ಮಲಗಲು ಅದಕ್ಕೆ ಒಂದು ಎತ್ತರದ ಮರ ಸಾಕು. ಹುಣಸೆಯಾದರೂ ಸರಿ, ಬೇವಾದರೂ ಸರಿ, ಹೈಟೆನ್ಷನ್ ಕಂಬವಾದರೂ ಸರಿ. ಹೆಣ್ಣು ನವಿಲು ನೆಲದಲ್ಲೇ ಪೊದೆಯ ಮರೆಯಲ್ಲಿ ಸಣ್ಣ ಗುಳಿ ಮಾಡಿ ಸಾಮಾನ್ಯವಾಗಿ 4ರಿಂದ 6 ಮೊಟ್ಟೆ ಇಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಮೊಟ್ಟೆ ಹಾಳಾದರೆ ಅದೇ ಋತುವಿನಲ್ಲಿ ಮತ್ತೆ ಇಡುವುದೂ ಉಂಟು. ಮರಿಗಳು ಹುಟ್ಟಿದ ಕೂಡಲೇ ತಾಯಿಯ ಹಿಂದೆ ನಡೆಯುತ್ತವೆ. ಕೆಲವೇ ವಾರಗಳಲ್ಲಿ ಹಾರಿ ಕೊಂಬೆ ಹತ್ತುತ್ತವೆ. ಮನುಷ್ಯ ಬದಲಾಯಿಸಿದ ನೆಲ ಈ ಹಕ್ಕಿಗೆ ಚೆನ್ನಾಗಿಯೇ ಒಗ್ಗಿದೆ.

ಅಂದಹಾಗೆ, ಗಂಡು ನವಿಲಿನ ಕಣ್ಣೀರು ಕುಡಿದು ಹೆಣ್ಣು ಬಸುರಾಗುತ್ತದೆ ಎಂಬ ಮಾತನ್ನು ಓದಿದವರೂ ನನ್ನ ಹತ್ತಿರ ಕೇಳುತ್ತಾರೆ. ಹಾಗೇನಿಲ್ಲ. ಕೋಳಿ ಹೇಗೆ ಕೂಡುತ್ತದೋ ನವಿಲೂ ಹಾಗೇ.

ಕೊಂಡುಕುರಿಯ ಲೆಕ್ಕಾಚಾರ ಬೇರೆ. ಸುಮಾರು ಎಂಟು ತಿಂಗಳ ಗಬ್ಬ. ಹುಟ್ಟುವುದು ಒಂದು ಮರಿ, ಹೆಚ್ಚೆಂದರೆ ಎರಡು. ಹಿಂಡು ಕಟ್ಟುವ ಅಭ್ಯಾಸವಿಲ್ಲ. ಒಂಟಿಯಾಗಿ, ಇಲ್ಲವೇ ಜೋಡಿಯಾಗಿ, ಇಲ್ಲವೇ ತಾಯಿ ಮರಿ ಅಷ್ಟೇ. ಅಪಾಯ ಕಂಡರೆ ಮೊದಲು ಅಲ್ಲಾಡದೆ ನಿಲ್ಲುತ್ತದೆ ಅಥವಾ ಹುಲ್ಲಿನಲ್ಲಿ ಕುಗ್ಗಿ ಕೂರುತ್ತದೆ. ತೀರಾ ಹತ್ತಿರ ಬಂದಾಗ ಮಾತ್ರ ಚಂಗನೆ ಎಗರಿ ಓಡುತ್ತದೆ. ಅಂದರೆ ಅದರ ಬದುಕೆಲ್ಲ ಮರೆಯನ್ನು ನಂಬಿದೆ. ಹುಲ್ಲು, ಪೊದೆ ಹೋದರೆ ಅದಕ್ಕೆ ಬೇರೆ ರಕ್ಷಣೆಯೇ ಇಲ್ಲ. ಗಂಡು ನವಿಲು ಗರಿ ಬಿಚ್ಚಿ ಕುಣಿದು, ಕೂಗಿ, ಎಲ್ಲರ ಕಣ್ಣಿಗೆ ಬಿದ್ದೇ ಸಂಗಾತಿಯನ್ನು ಗಳಿಸುತ್ತದೆ. ಗಂಡು ಕೊಂಡುಕುರಿ ಕಣ್ಣಿನ ಮುಂದಿರುವ ಗ್ರಂಥಿಯ ವಾಸನೆಯನ್ನು ಗಿಡಗಳಿಗೆ ಒರೆಸಿ, ತಾನು ಕಾಣದೆಯೇ ತನ್ನ ಜಾಗ ಸಾರುತ್ತದೆ.

ಇದರ ಜೊತೆ ವರ್ಷದ ಲೆಕ್ಕವನ್ನೂ ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಇಲ್ಲೇ ಇದೆ. ನವಿಲು ಮೊಟ್ಟೆ ಇಡುವುದು ಹೆಚ್ಚಾಗಿ ಮಳೆಯ ಆಸುಪಾಸಿನಲ್ಲಿ. ಆಗ ಹುಲ್ಲು ಚಿಗುರಿರುತ್ತದೆ, ಹುಳ ಹುಪ್ಪಟೆ ಬೇಕಾದಷ್ಟು, ಕಾಡಿಗೆ ಬೆಂಕಿ ಬೀಳುವ ಕಾಲ ಮುಗಿದಿರುತ್ತದೆ. ಕೊಂಡುಕುರಿ ಮಳೆಗಾಲದ ಶುರುವಿನಲ್ಲಿ ಕೂಡಿ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಮರಿ ಇನ್ನೂ ಹುಲ್ಲಿನ ಮರೆಯಲ್ಲಿ ಮಲಗುವ ವಯಸ್ಸಿನಲ್ಲಿರುವಾಗಲೇ ಹುಲ್ಲು ಒಣಗುತ್ತದೆ. ಹೊಸ ಚಿಗುರು ಬರಲಿ ಅಂತ ಯಾರೋ ಕಡ್ಡಿ ಗೀರುತ್ತಾರೆ. ದೊಡ್ಡದಾದರೆ ಓಡಿ ಪಾರಾಗಬಹುದು, ಮರಿಗೆ ಆಗುವುದಿಲ್ಲ. ಬೆಂಕಿಯಿಂದ ಉಳಿದರೂ ಬೋಳು ನೆಲದಲ್ಲಿ ಅದು ನಾಯಿಯ ಕಣ್ಣಿಗೆ ಬೀಳುತ್ತದೆ. ಅದೇ ಹೊತ್ತಿಗೆ ಹಳ್ಳದ ನೀರೂ ಬತ್ತುತ್ತದೆ. ಕೊಂಡುಕುರಿಗೆ ನೀರು ತೀರಾ ಬೇಕು, ನೀರಿನಿಂದ ಬಹಳ ದೂರದಲ್ಲಿ ಅದು ಬದುಕುವುದಿಲ್ಲ. ಹೀಗೆ ಬೆಂಕಿ, ನಾಯಿ, ನೀರಿನ ಬರ ಮೂರೂ ಒಟ್ಟಿಗೆ ಅದರ ಮರಿಯ ಮೇಲೆ ಬೀಳುತ್ತವೆ. ನವಿಲಿನ ಮರಿಗೆ ಈ ಕಷ್ಟ ಇಲ್ಲ.

ಹೀಗಾಗಿಯೇ ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಜಾಗತಿಕ ಪಟ್ಟಿಯಲ್ಲಿ ನವಿಲಿಗೆ ಚಿಂತೆಯಿಲ್ಲದ ಸ್ಥಾನ, ಕೊಂಡುಕುರಿ ಅಪಾಯದಲ್ಲಿರುವ ಪ್ರಾಣಿ. ಇಡೀ ಜಗತ್ತಿನಲ್ಲಿ ಭಾರತ ಮತ್ತು ನೇಪಾಳ ಬಿಟ್ಟು ಬೇರೆಲ್ಲೂ ಅದು ಕಾಡಿನಲ್ಲಿ ಇಲ್ಲ. ನಮ್ಮ ರಾಜ್ಯದಲ್ಲಿ ಬಂಡೀಪುರ, ನಾಗರಹೊಳೆಯಂಥ ಕಡೆಯೂ ಇದೆ. ಆದರೆ ಅದರ ಹೆಸರಿನಲ್ಲೇ ವನ್ಯಧಾಮ ಆಗಿದ್ದು ನಿಮ್ಮ ರಂಗಯ್ಯನದುರ್ಗದಲ್ಲಿ, 2011ರಲ್ಲಿ. ಸುಮಾರು 77 ಚದರ ಕಿಲೋಮೀಟರ್ ಅಷ್ಟೇ. ಸುತ್ತಲೂ ಊರು, ಹೊಲ. ಇಷ್ಟು ಚಿಕ್ಕ ಕಾಡಿನಲ್ಲಿ ಅಂಚಿನ ಹೊಲದವರು ಏನು ಮಾಡುತ್ತಾರೆ ಎನ್ನುವುದು ಬಹಳ ಲೆಕ್ಕಕ್ಕೆ ಬರುತ್ತದೆ. ನಿಮ್ಮಂಥವರ ಪತ್ರ ಬಂದಾಗ ನನಗೆ ಖುಷಿಯಾಗುವುದು ಅದಕ್ಕೇ.

ಒಂದು ಸಮಾಧಾನದ ಮಾತೂ ಇದೆ. ಕಾಣುವುದಿಲ್ಲ ಎಂದಮಾತ್ರಕ್ಕೆ ಇಲ್ಲವೇ ಇಲ್ಲ ಅಂತ ಅಂದುಕೊಳ್ಳಬೇಡಿ. ನವಿಲನ್ನು ಕಿವಿಯಿಂದಲೇ ಎಣಿಸಬಹುದು, ಬೆಳಗಿನ ಜಾವ ಒಂದು ಕೂಗಿದರೆ ಹತ್ತು ಕೂಗುತ್ತವೆ. ಕೊಂಡುಕುರಿಯನ್ನು ನಾವು ಹುಡುಕುವುದು ಹಿಕ್ಕೆಯಿಂದ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಳೆಯದು, ಹೊಸದು ಸೇರಿದ ಗುಡ್ಡೆ ಒಂದೇ ಕಡೆ ಸಿಗುತ್ತದೆ. ಮೇಕೆ ನಡೆದ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗುತ್ತದೆ. ನಿಮ್ಮ ಹಳ್ಳದ ಪಕ್ಕ ಅಂಥ ಗುಡ್ಡೆ ಕಂಡರೆ ಕೊಂಡುಕುರಿ ಅಲ್ಲೇ ಎಲ್ಲೋ ಇದೆ.

ಈಗ ಮರಿಯ ವಿಷಯ. ನಿಮ್ಮ ಹುಡುಗರನ್ನು ಬೈಯಬೇಡಿ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾರೆ. ಆದರೆ ಆ ಮರಿ ಬಹುಮಟ್ಟಿಗೆ ಅನಾಥ ಆಗಿರಲಿಲ್ಲ. ತಾಯಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಜೊತೆಗಿದ್ದರೆ ತನ್ನ ವಾಸನೆ, ಓಡಾಟದಿಂದ ಚಿರತೆಗೆ ಸುಳಿವು ಸಿಗುತ್ತದೆ. ದೂರವಿದ್ದು ಆಗಾಗ ಬಂದು ಹಾಲು ಕೊಟ್ಟು ಹೋಗುತ್ತದೆ. ಹತ್ತಿರ ಹೋದರೂ ಮರಿ ಅಲ್ಲಾಡುವುದಿಲ್ಲ. ನಾವು ಅದನ್ನು ನಿತ್ರಾಣ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ.

ಮನೆಗೆ ತಂದಮೇಲೆ ಸಾಯಲು ಮೂರು ದಾರಿಗಳಿವೆ. ಒಂದು, ಹಸುವಿನ ಹಾಲು ಒಗ್ಗದೆ ಭೇದಿ ಹತ್ತಿ ಮೈಯ ನೀರೆಲ್ಲ ಹೋಗುತ್ತದೆ. ಇನ್ನೊಂದು, ಒತ್ತಾಯದಿಂದ ಬಾಟಲಿಯಲ್ಲಿ ಕುಡಿಸುವಾಗ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರನೆಯದು ಬರೀ ಭಯ. ಹಿಡಿದಾಗ, ಹೊತ್ತು ತಂದಾಗ, ಸುತ್ತ ಜನ ಸೇರಿದಾಗ ಈ ಜಾತಿಯ ಪ್ರಾಣಿಗಳ ಸ್ನಾಯುಗಳು ಒಳಗೊಳಗೇ ಹಾಳಾಗುತ್ತವೆ. ಅದರಿಂದ ಬಿಡುಗಡೆಯಾದ ವಿಷ ಕಿಡ್ನಿ, ಹೃದಯವನ್ನು ಹಿಡಿಯುತ್ತದೆ. ಕ್ಯಾಪ್ಚರ್ ಮಯೋಪತಿ ಅಂತ ನಾವು ಕರೆಯುತ್ತೇವೆ. ಹೊರಗಿನಿಂದ ಗಾಯವೇ ಕಾಣುವುದಿಲ್ಲ, ಎರಡು ಮೂರು ದಿನ ಬಿಟ್ಟು ಕುಸಿದು ಬೀಳುತ್ತದೆ. ಪ್ರಾಣಿ ಆಸ್ಪತ್ರೆಗೆ ತಂದಮೇಲೂ ಇದನ್ನು ತಡೆಯುವುದು ನಮಗೆ ಬಹಳ ಕಷ್ಟ. ನವಿಲನ್ನು ಮನುಷ್ಯ ಸಾವಿರಾರು ವರ್ಷದಿಂದ ಅಂಗಳದಲ್ಲಿ ಸಾಕಿದ್ದಾನೆ, ಅದು ಬದುಕಿಕೊಳ್ಳುತ್ತದೆ. ಕೊಂಡುಕುರಿಗೆ ಆ ಗುಣ ಇಲ್ಲ.

ಮುಂದೆ ಅಂಥ ಮರಿ ಕಂಡರೆ ಮುಟ್ಟದೆ ಹಿಂದೆ ಸರಿಯಿರಿ. ನಾಯಿ, ದನ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಯಾರಾದರೂ ಆಗಲೇ ಎತ್ತಿಕೊಂಡಿದ್ದರೆ ತಡಮಾಡದೆ ಅದೇ ಜಾಗದಲ್ಲಿ ಮತ್ತೆ ಬಿಟ್ಟು ಬನ್ನಿ. ಮನುಷ್ಯನ ವಾಸನೆ ತಗುಲಿದರೆ ತಾಯಿ ಮುಟ್ಟುವುದಿಲ್ಲ ಎನ್ನುವುದನ್ನು ನಂಬಿ ಎಷ್ಟೋ ಮರಿಗಳನ್ನು ಜನ ವಾಪಸ್ ಬಿಡುವುದೇ ಇಲ್ಲ. ತಾಯಿಯ ಸೆಳೆತ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪಕ್ಕದಲ್ಲೇ ತಾಯಿ ಸತ್ತು ಬಿದ್ದಿದ್ದರೆ ಅಥವಾ ಮರಿಗೆ ಗಾಯವಾಗಿ ನೊಣ ಮುತ್ತಿದ್ದರೆ ಮಾತ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಕತ್ತಲೆಯ ರಟ್ಟಿನ ಡಬ್ಬಿಯಲ್ಲಿ ಸುಮ್ಮನೆ ಇಡಿ. ಹಾಲು ಬೇಡ, ಮೈ ಸವರುವುದು ಬೇಡ, ಫೋಟೋ ಬೇಡ. ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರವೂ ಅಪರಾಧ. ನವಿಲಿನ ಮೊಟ್ಟೆ ತಂದು ಕೋಳಿಗೆ ಕಾವಿಗಿಡುವುದೂ ಅಷ್ಟೇ. ಮೇಲಾಗಿ ನಮ್ಮ ಕೋಳಿಗಳ ಕೊಕ್ಕರೆ ರೋಗ ಆ ಮರಿಗಳಿಗೆ ಅಂಟುತ್ತದೆ.

ಹೊಲದ ವಿಷಯಕ್ಕೆ ಬರೋಣ. ಮೊದಲು ಕಾನೂನು ಹೇಳಿಬಿಡುತ್ತೇನೆ, ಇಲ್ಲಿ ಎರಡಕ್ಕೂ ಭೇದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು, ಕೊಂಡುಕುರಿ ಎರಡೂ ಶೆಡ್ಯೂಲ್ ಒಂದರಲ್ಲಿವೆ, ಅಂದರೆ ಹೆಚ್ಚಿನ ರಕ್ಷಣೆ ಇರುವ ಪಟ್ಟಿಯಲ್ಲಿ. ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಬೆಳೆ ಹಾಳು ಮಾಡಿತು ಎಂಬ ಕಾರಣಕ್ಕೆ ಈ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ತಾನಾಗಿ ಉದುರಿದ ನವಿಲುಗರಿ ಇಟ್ಟುಕೊಳ್ಳಲು ತೊಂದರೆಯಿಲ್ಲ, ಮಕ್ಕಳು ಪುಸ್ತಕದಲ್ಲಿ ಇಟ್ಟುಕೊಳ್ಳಲಿ.

ನಾಯಿ ಸಾಕುವ ಉಪಾಯವನ್ನು ನಾನು ಖಂಡಿತ ಬೇಡ ಅನ್ನುತ್ತೇನೆ. ನಾಯಿ ಬೊಗಳಿದರೆ ನವಿಲು ಹಾರಿ ಬೇವಿನ ಮರ ಹತ್ತುತ್ತದೆ, ನಾಯಿ ಹೋದಮೇಲೆ ಇಳಿಯುತ್ತದೆ. ಅದಕ್ಕೆ ರೆಕ್ಕೆ ಇದೆ. ಅದೇ ನಾಯಿ ರಾತ್ರಿ ಬಿಚ್ಚಿಕೊಂಡು ಹಳ್ಳದ ಕಡೆ ಹೋದರೆ ಸಿಗುವುದು ಹುಲ್ಲಿನಲ್ಲಿ ಮಲಗಿದ ಕೊಂಡುಕುರಿ ಮರಿ. ಎರಡು ನಾಯಿ ಜೊತೆ ಸೇರಿದರೆ ದೊಡ್ಡದನ್ನೂ ಅಟ್ಟಿಸಿ ಕೆಡವುತ್ತವೆ. ನಾಯಿಗೆ ಸಿಗದೆ ತಪ್ಪಿಸಿಕೊಂಡದ್ದೂ ಆಮೇಲೆ ನಾನು ಹೇಳಿದ ಆ ಸ್ನಾಯು ಕಾಯಿಲೆಯಿಂದ ಸಾಯಬಹುದು. ನಾಯಿ ಕಚ್ಚಿದ ಸಣ್ಣ ಪ್ರಾಣಿಗಳಿಗೆ ಚಿಕಿತ್ಸೆ ಮಾಡಿ ಉಳಿಸಿಕೊಂಡಿದ್ದಕ್ಕಿಂತ ಕಳೆದುಕೊಂಡಿದ್ದೇ ಜಾಸ್ತಿ. ಮನೆ ಕಾಯಲು ನಾಯಿ ಬೇಕೇ ಬೇಕು ಅಂದರೆ ರಾತ್ರಿ ಕಟ್ಟಿಹಾಕಿ, ಹೊಟ್ಟೆ ತುಂಬ ಊಟ ಕೊಡಿ, ರೇಬಿಸ್ ಲಸಿಕೆ ಹಾಕಿಸಿ. ಕುರಿ ಮೇಯಿಸಲು ಕಾಡಿನ ಕಡೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಬೇಡಿ.

ಬಲೆಯ ವಿಷಯದಲ್ಲೂ ನನಗೆ ಹೆದರಿಕೆಯೇ. ಹಳೆಯ ಮೀನುಬಲೆ ಅಗ್ಗಕ್ಕೆ ಸಿಗುತ್ತದೆ ಅಂತ ಜನ ಹೊಲದ ಸುತ್ತ ಸಡಿಲವಾಗಿ ಇಳಿಬಿಡುತ್ತಾರೆ. ಅದರಲ್ಲಿ ನವಿಲಿನ ಕಾಲು ಸಿಕ್ಕುತ್ತದೆ, ಹಾವು ಸಿಕ್ಕುತ್ತದೆ, ಗಂಡು ಕೊಂಡುಕುರಿಯ ಕೊಂಬು ಸಿಕ್ಕುತ್ತದೆ. ರಾತ್ರಿಯೆಲ್ಲ ಒದ್ದಾಡಿದರೆ ಬೆಳಿಗ್ಗೆ ಹೋಗಿ ಬಿಡಿಸಿದರೂ ಉಪಯೋಗವಿಲ್ಲ. ಬೀಜದ ಮಡಿಯಂಥ ಚಿಕ್ಕ ಜಾಗಕ್ಕೆ ಬಲೆ ಬೇಕಾದರೆ ಬಿಗಿಯಾಗಿ ಎಳೆದು ಕಟ್ಟಿ, ಕಣ್ಣಿಗೆ ಕಾಣುವ ಬಣ್ಣದ್ದು ಹಾಕಿ, ದಿನಾ ಎರಡು ಹೊತ್ತು ನೋಡಿ, ಕೆಲಸ ಮುಗಿದ ಕೂಡಲೇ ಸುತ್ತಿ ಎತ್ತಿಡಿ. ನಾಲ್ಕು ಎಕರೆಗೆ ಬೇಡ.

ಸೋಲಾರ್ ಬೇಲಿ ಹಂದಿಗೆ ಸರಿ. ನವಿಲು ಅದರ ಮೇಲೆ ಹಾರಿ ಬರುತ್ತದೆ, ದುಡ್ಡು ದಂಡ. ಹಳ್ಳದ ಕಡೆಗೂ ಬೇಲಿ ಎಳೆದರೆ ಕೊಂಡುಕುರಿ ನೀರಿಗೆ ಹೋಗುವ ದಾರಿ ಮುಚ್ಚುತ್ತದೆ. ಹಂದಿಯ ಕಾಟಕ್ಕೆ ಹಾಕಲೇಬೇಕಾದರೆ ಹೊಲದ ಬೆಳೆಯ ಸುತ್ತ ಮಾತ್ರ ಹಾಕಿ, ಹಳ್ಳದ ದಂಡೆ ಹೊರಗೆ ಬಿಡಿ. ಲೈನಿನಿಂದ ನೇರ ಕರೆಂಟು ಕೊಡುವುದಂತೂ ಕೊಲೆಗೆ ಸಮ. ಅದರಲ್ಲಿ ಪ್ರಾಣಿಗಳಷ್ಟೇ ಸಾಯುವುದಿಲ್ಲ, ನಮ್ಮ ಜನರೂ ಸತ್ತಿದ್ದಾರೆ. ವಿಷ ಹಾಕಿದ ಕಾಳಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಔಷಧಿ ಬೆರೆಸಿದ ಬಿತ್ತನೆ ಬೀಜ ಬದುವಿನ ಮೇಲೆ ಚೆಲ್ಲಿದ್ದರೂ ಸಾಕು, ನವಿಲು ತಿಂದು ಸಾಯುತ್ತದೆ. ಬೇಕಂತ ಮಾಡಿರದಿದ್ದರೂ ಆಮೇಲೆ ವಿಚಾರಣೆಗೆ ಓಡಾಡಬೇಕಾಗುತ್ತದೆ. ಬೀಜವನ್ನು ಪೂರ್ತಿ ಮಣ್ಣು ಮುಚ್ಚಿ, ಚೆಲ್ಲಿದ್ದನ್ನು ಆಯ್ದುಬಿಡಿ.

ಹಾಗಾದರೆ ಮಾಡುವುದೇನು? ನವಿಲಿನ ಹಾನಿ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಬಿತ್ತಿದ ದಿನದಿಂದ ಸಸಿ ಗಟ್ಟಿಯಾಗುವವರೆಗೆ ಸುಮಾರು ಎರಡು ವಾರ, ಆಮೇಲೆ ಕಾಯಿ ಬಲಿಯುವ ಹೊತ್ತು, ಇವೆರಡೇ ನಿಜವಾದ ಕಷ್ಟದ ಕಾಲ. ದಿನದಲ್ಲೂ ಬೆಳಗಿನ ಮೊದಲ ಎರಡು ಮೂರು ಗಂಟೆ, ಸಂಜೆ ಕತ್ತಲಾಗುವ ಮುಂಚೆ. ಆ ಹೊತ್ತಿನಲ್ಲಿ ಹೊಲದಲ್ಲಿ ಮನುಷ್ಯ ಓಡಾಡುತ್ತಿದ್ದರೆ ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಒಬ್ಬರಿಗೇ ಇದು ಆಗುವ ಕೆಲಸವಲ್ಲ, ಗೊತ್ತು. ಅಕ್ಕಪಕ್ಕದ ಹೊಲದವರೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿ, ಸರದಿ ಮೇಲೆ ಕಾಯಿರಿ. ಎಲ್ಲರೂ ಒಟ್ಟಿಗೆ ಬಿತ್ತಿದರೆ ಹಕ್ಕಿಗಳು ಹಂಚಿಹೋಗುತ್ತವೆ. ಒಬ್ಬರೇ ಮುಂಚೆ ಬಿತ್ತಿದರೆ ಸುತ್ತಲಿನ ನವಿಲೆಲ್ಲ ಅವರ ಹೊಲಕ್ಕೇ ಬರುತ್ತವೆ.

ಮಿಂಚುವ ರಿಬ್ಬನ್ ಕಟ್ಟಿದರೆ ಕೆಲವು ದಿನ ಹೆದರುತ್ತವೆ, ಆಮೇಲೆ ಅದರ ಕೆಳಗೇ ಮೇಯುತ್ತವೆ. ಮೂರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಆ ಎರಡು ವಾರ ದಾಟಿಸಬಹುದು. ಬೆದರುಬೊಂಬೆಯೂ ಹಾಗೇ. ಇನ್ನೊಂದು, ಹೊಲದ ಒಳಬದುವಿನಲ್ಲಿ ದಟ್ಟ ಪೊದೆ ಇದ್ದರೆ ನವಿಲು ಅದರ ಮರೆಯಲ್ಲಿ ನಿಂತು ಬೆಳೆಗೆ ಇಳಿಯುತ್ತದೆ. ಆ ಒಳಬದು ಬೋಳಿಸಿ. ಆದರೆ ಹಳ್ಳದ ದಂಡೆ ಮತ್ತು ಕಾಡಿನ ಕಡೆಯ ಪೊದೆ, ಎತ್ತರದ ಹುಲ್ಲನ್ನು ಮುಟ್ಟಬೇಡಿ. ಅದು ನಿಮ್ಮ ಪಾಲಿಗೆ ಬರೀ ಕಳೆ ಇರಬಹುದು, ಕೊಂಡುಕುರಿ ಮರಿ ಹಾಕುವುದು ಅಲ್ಲಿ. ಚಳಿಗಾಲದಿಂದ ಬೇಸಿಗೆವರೆಗೆ ಅದಕ್ಕೆ ಬೆಂಕಿ ಬೀಳದ ಹಾಗೆ ನೋಡಿಕೊಂಡರೆ ಈ ಪ್ರಾಣಿಗೆ ನೀವು ಮಾಡುವ ದೊಡ್ಡ ಉಪಕಾರ ಅದೇ. ಹೊಲದ ಕಸ ಸುಡುವಾಗ ಸುತ್ತ ಬೆಂಕಿ ದಾಟದಂತೆ ನೆಲ ಕೆರೆದು, ಗಾಳಿ ಇಲ್ಲದ ಹೊತ್ತು ನೋಡಿ, ಆರುವವರೆಗೆ ಅಲ್ಲೇ ಇರಿ.

ನೀರಿನ ತೊಟ್ಟಿಯ ಯೋಚನೆ ಒಳ್ಳೆಯದು, ಜಾಗ ಸರಿಯಿಲ್ಲ. ಊರ ಅಂಚಿನಲ್ಲಿ ಕಟ್ಟಿದರೆ ಮೊದಲು ಬರುವುದು ನಾಯಿ, ದನ, ನವಿಲು. ಕೊಂಡುಕುರಿ ಬಾಯಾರಿ ಬಂದರೂ ನಾಯಿಯ ಬಾಯಿಗೇ ಬಂದ ಹಾಗಾಗುತ್ತದೆ. ಗೋಡೆ ನೇರವಾಗಿರುವ ಸಿಮೆಂಟ್ ತೊಟ್ಟಿಯಲ್ಲಿ ಬಿದ್ದ ಮರಿ ಹತ್ತಿ ಬರಲಾರದು. ಕಾಡಿನೊಳಗೆ ಎಲ್ಲಿ, ಹೇಗೆ ಎನ್ನುವುದನ್ನು ಇಲಾಖೆಯವರೇ ಮಾಡಬೇಕು. ನಿಮ್ಮ ವಲಯ ಅರಣ್ಯಾಧಿಕಾರಿಗೆ ಊರಿನವರೆಲ್ಲ ಸಹಿ ಹಾಕಿದ ಅರ್ಜಿ ಕೊಡಿ. ಇಳಿಜಾರಾಗಿ ಇಳಿದು ಕುಡಿಯುವಂಥ ತೊಟ್ಟಿ ಬೇಕು ಅಂತ ಬರೆಯಿರಿ. ನಿಮ್ಮ ಕೈಯಲ್ಲೇ ಇರುವುದು ಇನ್ನೊಂದಿದೆ. ಹಳ್ಳದ ಗುಂಡಿಗಳಲ್ಲಿ ನಿಂತ ನೀರನ್ನು ಬೇಸಿಗೆಯಲ್ಲಿ ಪಂಪ್ ಇಟ್ಟು ಪೂರ್ತಿ ಎಳೆಯಬೇಡಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಲ್ಲಿ ಬಟ್ಟೆ ಒಗೆಯುವುದು, ಕುರಿ ಬಿಡುವುದು ಬೇಡ.

ಜೋಳ ಇಡಲೇಬೇಡಿ. ಮೆಲುಕು ಹಾಕುವ ಪ್ರಾಣಿ ಒಮ್ಮೆಲೇ ಕಾಳು ತಿಂದರೆ ಹೊಟ್ಟೆಯಲ್ಲಿ ಹುಳಿಯೇರಿ ಸತ್ತುಹೋಗುತ್ತದೆ. ನಿಮ್ಮ ಮೇಕೆ ಕಾಳಿನ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ಉಬ್ಬಿ ಸತ್ತದ್ದನ್ನು ನೋಡಿರಬಹುದು, ಅದೇ ಕಾಯಿಲೆ. ಅಲ್ಲದೆ ಆ ಜೋಳಕ್ಕೆ ನವಿಲು, ಹಂದಿ ಬಂದು ಪಕ್ಕದ ನಿಮ್ಮ ಹೊಲಕ್ಕೇ ಇಳಿಯುತ್ತವೆ.

ಮೇಕೆಯ ಮಾತು ಬಂತಲ್ಲ, ಇನ್ನೊಂದು ಸೇರಿಸುತ್ತೇನೆ. ನಿಮ್ಮ ಕುರಿ, ಮೇಕೆಗಳಿಗೆ ಪಿಪಿಆರ್ ಲಸಿಕೆ ತಪ್ಪದೆ ಹಾಕಿಸಿ. ಹಿರೇಬೇನೆ ಅಂತ ಕರೆಯುವ ಆ ರೋಗ ಕಾಡಿನ ಹುಲ್ಲೆಗಳಿಗೂ ಅಂಟುತ್ತದೆ. ಮಂಗೋಲಿಯಾದಲ್ಲಿ 2016-17ರಲ್ಲಿ ಸಾಕುಪ್ರಾಣಿಗಳಿಂದ ಸೈಗಾ ಎಂಬ ಹುಲ್ಲೆಗೆ ಹರಡಿ ಸಾವಿರಾರು ಸತ್ತವು. ನಿಮ್ಮ ಕಾಡಿನಂಥ ಚಿಕ್ಕ ಜಾಗದಲ್ಲಿ ಅದು ಒಮ್ಮೆ ನುಗ್ಗಿದರೆ ಉಳಿಯುವುದು ಕಷ್ಟ. ಲಸಿಕೆಯಿಂದ ನಿಮ್ಮ ಮೇಕೆಯೂ ಉಳಿಯುತ್ತದೆ, ಕಾಡಿನದೂ ಉಳಿಯುತ್ತದೆ. ಕಾಲುಬಾಯಿ ಜ್ವರದ ಲಸಿಕೆಯೂ ಹಾಗೇ.

ಕೊನೆಯದಾಗಿ ನಿಮ್ಮ ಮಾವ ಕಂಡ ಎರಡು ಕೊಂಬಿನದು. ಅದು ಕೊಂಡುಕುರಿಯೇ ಇರಬಹುದು. ನಾಲ್ಕು ಕೊಂಬು ಇರುವುದು ಗಂಡಿಗೆ ಮಾತ್ರ, ಹೆಣ್ಣಿಗೆ ಒಂದೂ ಇಲ್ಲ. ಗಂಡಿಗೂ ಮೊದಲು ಹಿಂದಿನ ಜೋಡಿ ಬರುತ್ತದೆ, ಹಣೆಯ ಮುಂದಿನ ಗಿಡ್ಡ ಜೋಡಿ ಬರಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕು. ದಕ್ಷಿಣದ ಕೊಂಡುಕುರಿಗಳಲ್ಲಿ ಈ ಮುಂದಿನ ಜೋಡಿ ಬರೀ ಗುಬುಟಿನಂತೆ ಇರುವುದು, ಕೆಲವಕ್ಕೆ ಇಲ್ಲದೇ ಇರುವುದು ಸಾಮಾನ್ಯ. ಕೊಂಬು ನೇರ, ನುಣುಪು, ಬೆರಳುದ್ದ, ಬಣ್ಣ ಮಾಸಲು ಕಂದು, ಪ್ರತಿ ಕಾಲಿನ ಮುಂಭಾಗದಲ್ಲಿ ಕಪ್ಪು ಗೆರೆ ಇದ್ದರೆ ಅದು ಕೊಂಡುಕುರಿ. ಕೊಂಬು ಉದ್ದವಾಗಿ ಬಳೆ ಬಳೆಯಾಗಿದ್ದರೆ ಚಿಂಕಾರ ಎಂಬ ಇನ್ನೊಂದು ಹುಲ್ಲೆ. ಕೂದಲು ತುಂಬಿದ ಉದ್ದನೆಯ ಬುಡದ ಮೇಲೆ ಕವಲಿನ ಕೊಂಬಿದ್ದು ಮೈ ಕೆಂಪಗಿದ್ದರೆ ಕಾಡುಕುರಿ, ಅದು ಜಿಂಕೆಯ ಜಾತಿ.

ಮಾವನಿಗೆ ಮತ್ತೆ ಕಂಡರೆ ದಿನ, ಹೊತ್ತು, ಹಳ್ಳದಿಂದ ಎಷ್ಟು ದೂರ, ಒಂಟಿಯೋ ಜೋಡಿಯೋ, ಕೊಂಬು ಹೇಗಿತ್ತು ಇಷ್ಟನ್ನು ಬರೆದಿಟ್ಟುಕೊಳ್ಳಲು ಹೇಳಿ. ಹಿಕ್ಕೆಯ ಗುಡ್ಡೆ ಸಿಕ್ಕಿದರೆ ಅಳತೆ ತಿಳಿಯಲು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆಯಿರಿ. ಅದನ್ನು ನಿಮ್ಮ ಕಡೆಯ ಕಾಡು ಕಾಯುವ ಅರಣ್ಯ ಇಲಾಖೆಯ 'ಬೀಟ್' ಗಾರ್ಡ್‌ಗೆ ಮಾತ್ರ ತೋರಿಸಿ. ವಾಟ್ಸಾಪ್ ಗುಂಪಿನಲ್ಲಿ ಜಾಗದ ಹೆಸರು ಹಾಕಬೇಡಿ, ಉರುಳು ಹಾಕುವವರೂ ಅದನ್ನು ಓದುತ್ತಾರೆ.